ಕೊಬ್ಬರಿ ಗಿಟುಕು, ರಾತ್ರಿ ಹನ್ನೆರಡೂವರೆ ಫ್ಲೈಟು, ಏರ್‌ಪೋರ್ಟಿನ ನಾಲ್ಕು ಬಾಗಿಲು

ನಮ್ಮ ದೊಡ್ಡಮ್ಮನ ಬ್ಯಾಗಲ್ಲಿ ಆವತ್ತು ಎಂಟು ಕೊಬ್ಬರಿ ಗಿಟುಕು ಇತ್ತು. ತಿಪಟೂರಿಗೆ ಕೊಟ್ಟಿರೋ ಅವರ ತಂಗಿ ಕಳಿಸಿದ್ದು, ಡೆಲ್ಲಿಲಿರೋ ಮಗಳ ಮನೆಗೆ ಅಂತ ಪೇಪರಲ್ಲಿ ಸುತ್ತಿ ಸೀರೆಗಳ ಮಧ್ಯ ಇಟ್ಕೊಂಡಿದ್ರು. ಬೆಂಗಳೂರು ಏರ್‌ಪೋರ್ಟ್ ಕೌಂಟರಲ್ಲಿದ್ದ ಹುಡುಗಿ ಬ್ಯಾಗಲ್ಲಿ ಲೈಟರ್, ಪವರ್ ಬ್ಯಾಂಕ್, ಒಣ ಕೊಬ್ಬರಿ ಏನಾದ್ರೂ ಇದ್ಯಾ ಅಂತ ಕೇಳಿದ್ಲು, ನಾನು ಗತ್ತಲ್ಲಿ ಏನೂ ಇಲ್ಲ ಅಂದೆ, ಹಿಂದಿಂದ ದೊಡ್ಡಮ್ಮ ‘ಐತಲ್ಲೋ, ಕೊಬ್ಬರಿ ಐತಲ್ಲ’ ಅಂದ್ರು. ಅಲ್ಲೇ ನೆಲದ ಮೇಲೆ ಬ್ಯಾಗ್ ಬಿಚ್ಚಿ, ಸೀರೆ ಎಲ್ಲಾ ಹೊರಗೆ ತೆಗ್ದು, ಹಿಂದೆ ಕ್ಯೂನಲ್ಲಿ ನಿಂತೋರೆಲ್ಲಾ ನೋಡ್ತಾ ಇದ್ದಂಗೆ ಎಂಟೂ ಗಿಟುಕು ಹೊರಗೆ ಬಂತು. ಬಿಡೋಕೆ ಬಂದಿದ್ದ ನಮ್ಮಣ್ಣ ಪುಣ್ಯಕ್ಕೆ ಇನ್ನೂ ಗಾಜಿನ ಬಾಗಿಲ ಆ ಕಡೆ ಕೈ ಬೀಸ್ಕೊಂಡು ನಿಂತಿದ್ದ, ಬಾಗಿಲಲ್ಲಿದ್ದ ಸೆಕ್ಯೂರಿಟಿಯವರನ್ನ ಕೇಳ್ಕೊಂಡು ಕವರ್ ದಾಟಿಸಿದ್ವಿ.

‘ತಿನ್ನೋ ಕೊಬ್ಬರಿಗೇನು ಬಂತಪ್ಪ ರೋಗ’ ಅಂತ ದೊಡ್ಡಮ್ಮ ಡೆಲ್ಲಿವರೆಗೂ ಗೊಣಗಿದ್ರು. ಕಾರಣ ಇದೆ. ಒಣ ಕೊಬ್ಬರಿಲಿ ಎಣ್ಣೆ ಅಂಶ ತುಂಬಾ ಜಾಸ್ತಿ, ರಾಶಿ ಹಾಕಿ ಗಾಳಿ ಆಡದ ಕಡೆ ಇಟ್ರೆ ಬೆಂಕಿ ತಗುಲಿಸದೇ ತಾನಾಗೇ ಬಿಸಿಯಾಗಿ ಹೊತ್ಕೊಳೋ ಸ್ವಭಾವ ಅದಕ್ಕೆ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಲಿ ಕೊಬ್ಬರಿಗೆ 1363 ಅಂತ ನಂಬರೇ ಇದೆ, ‘ತಾನಾಗೇ ಹೊತ್ತಿಕೊಳ್ಳುವ ವಸ್ತು’ ಅನ್ನೋ ಗುಂಪಲ್ಲಿ. ಅದಕ್ಕೇ ಕೈಲಿ ಹಿಡ್ಕೊಂಡು ಹೋಗೋ ಬ್ಯಾಗಲ್ಲೂ ಬೇಡ, ಕೆಳಗೆ ಹಾಕೋ ಬ್ಯಾಗಲ್ಲೂ ಬೇಡ ಅಂತಾರೆ. ಹಸಿ ತೆಂಗಿನಕಾಯಿನೂ ಕೈಬ್ಯಾಗಲ್ಲಿ ಬಿಡಲ್ಲ, 2024ರ ಅಕ್ಟೋಬರಲ್ಲಿ ಶಬರಿಮಲೆಗೆ ಹೋಗೋರ ಇರುಮುಡಿ ಕಾಯಿಗೆ ಅಂತಾನೇ ಸ್ವಲ್ಪ ದಿನದ ಮಟ್ಟಿಗೆ ಸ್ಪೆಷಲ್ ಪರ್ಮಿಷನ್ ಕೊಡ್ಬೇಕಾಯ್ತು ಅಂದ್ರೆ ನೋಡ್ಕೊಳಿ. ತುಮಕೂರು ಕಡೆಯವ್ರು ಇದನ್ನ ಗೋಡೆ ಮೇಲೆ ಬರ್ಕೊಂಡ್ರೂ ತಪ್ಪಿಲ್ಲ.

ನಾವು ಚಿಕ್ಕಬಳ್ಳಾಪುರದವ್ರು, ಹೊಲದಲ್ಲಿ ನಿಂತು ತಲೆ ಎತ್ತಿದ್ರೆ ವಿಮಾನದ ಹೊಟ್ಟೆ ಕಾಣುತ್ತೆ, ಏರ್‌ಪೋರ್ಟು ಹೆಚ್ಚು ಕಮ್ಮಿ ಮೂವತ್ತು ಕಿಲೋಮೀಟರ್, ನಮ್ಮ ಕಡೆ ಬೆಳೆದ ಹೂವು ತರಕಾರಿ ನಮಗಿಂತ ಮುಂಚೆನೇ ಅಲ್ಲಿಂದ ಹಾರಿ ಹೋಗಿದೆ. ಆದ್ರೂ ಒಳಗೆ ಕಾಲಿಡೋ ದಿನ ಕೈ ಕಾಲು ನಡುಗುತ್ತೆ. ನಂಗೂ ನಡುಗಿತ್ತು. ಆಮೇಲೆ ನಾಲ್ಕೈದು ಸಲ ಹೋಗಿ ಬಂದ್ಮೇಲೆ ಅರ್ಥ ಆಗಿದ್ದೇನು ಅಂದ್ರೆ ಅಷ್ಟು ದೊಡ್ಡ ಕಟ್ಟಡ ಪೂರ್ತಿ ನಾವು ತಿಳ್ಕೊಬೇಕಾಗಿಲ್ಲ, ನಮಗೆ ಸಂಬಂಧಪಟ್ಟಿರೋದು ಬರೀ ನಾಲ್ಕು ಬಾಗಿಲು, ಒಂದೊಂದು ಬಾಗಿಲಲ್ಲೂ ಒಂದೊಂದೇ ಪ್ರಶ್ನೆ ಕೇಳ್ತಾರೆ. ತಿರುಪತಿ ಕ್ಯೂ ಕಂಡಿರೋರಿಗೆ ಇದೇನು ಹೊಸದಲ್ಲ, ಅಲ್ಲೂ ಒಂದು ಕಡೆ ಟೋಕನ್ ಕೇಳ್ತಾರೆ, ಒಂದು ಕಡೆ ಮೊಬೈಲ್ ಇಡಿ ಅಂತಾರೆ, ಒಂದು ಕಡೆ ಮೈ ತಡವ್ತಾರೆ, ಯಾವ ಬಾಗಿಲಲ್ಲಿ ಕೈಲಿ ಏನು ರೆಡಿ ಇರ್ಬೇಕು ಅಂತ ಗೊತ್ತಿದ್ರೆ ಮಿಕ್ಕಿದ್ದೆಲ್ಲಾ ಜನದ ಹಿಂದೆ ಜನ ಹೋದಂಗೆ.

ಬಾಗಿಲಿಗೆ ಹೋಗೋಕೆ ಮುಂಚೆ ಮನೇಲೇ ಆಗೋ ತಪ್ಪು ಒಂದಿದೆ, ಅದನ್ನ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಇದ್ರಲ್ಲಿ ನಮ್ಮ ಚಿಕ್ಕಪ್ಪನ ಟಿಕೆಟ್ ದುಡ್ಡು ಪೂರ್ತಿ ಹೋಯ್ತು. ಟಿಕೆಟಲ್ಲಿ 15ನೇ ತಾರೀಖು 00:40 ಅಂತಿತ್ತು. ಚಿಕ್ಕಪ್ಪ 15ನೇ ತಾರೀಖು ಹಗಲೆಲ್ಲಾ ಆರಾಮಾಗಿ ಬಟ್ಟೆ ಜೋಡಿಸ್ಕೊಂಡು, ರಾತ್ರಿ ಮುದ್ದೆ ಊಟ ಮಾಡ್ಕೊಂಡು, ಒಂಬತ್ತು ಗಂಟೆಗೆ ಹೊರಟು, ಹತ್ತು ಗಂಟೆಗೆ ಹೋಗಿ ನಿಂತ್ರೆ ಬಾಗಿಲಲ್ಲೇ ‘ಸರ್, ಇದು ನಿನ್ನೆ ರಾತ್ರಿನೇ ಹೋಯ್ತಲ್ಲ’ ಅಂದ್ರಂತೆ. ನಮ್ಮ ಲೆಕ್ಕದಲ್ಲಿ ದಿನ ಶುರುವಾಗೋದು ಕೋಳಿ ಕೂಗಿದ್ಮೇಲೆ, ರಾತ್ರಿ ಹನ್ನೆರಡೂವರೆ ಅಂದ್ರೂ ಅದು ಆವತ್ತಿನ ರಾತ್ರಿನೇ. ಏರ್‌ಲೈನ್ ಲೆಕ್ಕದಲ್ಲಿ ಗಡಿಯಾರ 24 ಗಂಟೆದು, ಹನ್ನೆರಡು ಹೊಡೆದ ತಕ್ಷಣ ತಾರೀಖು ಬದಲಾಯ್ತು. ಅದಕ್ಕೆ ಟಿಕೆಟಲ್ಲಿ ಟೈಮು 00, 01, 02, 03 ಅಂತ ಶುರುವಾದ್ರೆ ಮನೆ ಬಿಡೋದು ಹಿಂದಿನ ತಾರೀಖಿನ ಸಾಯಂಕಾಲ, ಇದನ್ನ ಕ್ಯಾಲೆಂಡರಲ್ಲಿ ಆ ಹಿಂದಿನ ದಿನದ ಚೌಕದ ಮೇಲೇ ಬರೆದಿಡಿ. ಗಲ್ಫ್ ಕಡೆ, ಯೂರೋಪ್ ಕಡೆ ಹೋಗೋ ಫ್ಲೈಟುಗಳು ಎಷ್ಟೋ ಈ ಮಧ್ಯರಾತ್ರಿ ಟೈಮಿಗೇ ಇರ್ತವೆ.

ಇನ್ನೊಂದು ಹೆಸರು. ನಮ್ಮ ಕಡೆ ಸರ್‌ನೇಮ್ ಅನ್ನೋದೇ ಇಲ್ಲ, ವಿ. ಮುನಿಯಪ್ಪ, ಕೆ. ಎನ್. ಲಕ್ಷ್ಮಮ್ಮ, ಮುಗೀತು. ಬುಕ್ ಮಾಡೋ ಆ್ಯಪಲ್ಲಿ ಮಾತ್ರ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಕಡ್ಡಾಯ, ಏನೋ ಒಂದು ಅಂತ ಮಗ ಅಪ್ಪನ ಕರೆಯೋ ಹೆಸರು ಹಾಕ್ಬಿಡ್ತಾನೆ. ಹಂಗೆ ಮಾಡ್ಬೇಡಿ, ಯಾವ ಐಡಿ ತೋರಿಸ್ತೀರೋ ಅದನ್ನ ಎದುರಿಗೆ ಇಟ್ಕೊಂಡು ಅದ್ರಲ್ಲಿರೋ ಸ್ಪೆಲಿಂಗೇ ಹೊಡೀರಿ. ದೇಶದೊಳಗೆ ಆದ್ರೆ ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್ ಯಾವ್ದಾದ್ರೂ ನಡೆಯುತ್ತೆ, ಹೊರದೇಶಕ್ಕೆ ಪಾಸ್‌ಪೋರ್ಟಲ್ಲಿ ಇರೋದು ಅಕ್ಷರ ಅಕ್ಷರ ಹೊಂದಬೇಕು. ತಪ್ಪಾಗಿದ್ರೆ ಹಿಂದಿನ ದಿನವೇ ಏರ್‌ಲೈನಿಗೆ ಫೋನ್ ಮಾಡಿ ಸರಿ ಮಾಡಿಸಿ, ಬಾಗಿಲಲ್ಲಿ ನಿಂತು ‘ಎರಡೂ ನಾನೇ ಸಾರ್’ ಅಂತ ಪ್ರಮಾಣ ಮಾಡೋಕಿಂತ ವಾಸಿ.

ಟಿಕೆಟಲ್ಲೇ ನೋಡ್ಬೇಕಾದ ಮೂರನೇದು ಟರ್ಮಿನಲ್. ಕೆಂಪೇಗೌಡ ಏರ್‌ಪೋರ್ಟು 2008ರ ಮೇ 24ಕ್ಕೆ ಶುರುವಾದಾಗ ಒಂದೇ ಕಟ್ಟಡ, ತಲೆ ಕೆಡಿಸ್ಕೊಳೋ ಹಂಗೇ ಇರ್ಲಿಲ್ಲ. ಈಗ ಎರಡು. 2022ರ ನವೆಂಬರ್ 11ಕ್ಕೆ ಟರ್ಮಿನಲ್ 2 ಉದ್ಘಾಟನೆ ಆಯ್ತು, ಅದೇ ದಿನವೇ 108 ಅಡಿ ಕೆಂಪೇಗೌಡರ ಕಂಚಿನ ಪ್ರತಿಮೆನೂ. ಒಳಗೆ ಬಿದಿರು, ತೂಗಾಡೋ ಗಿಡ, ನೀರು, ಲಾಲ್‌ಬಾಗನ್ನೇ ಚಾವಣಿಗೆ ಎತ್ತಿ ಇಟ್ಟಂಗಿದೆ, ದೊಡ್ಡಮ್ಮ ಆಮೇಲೊಂದು ಸಲ ಅಲ್ಲಿಗೆ ಹೋದಾಗ ‘ಇದಕ್ಕೆ ನೀರು ಯಾರ್ ಹಾಕ್ತಾರೋ’ ಅಂತ ಕೇಳಿದ್ರು, ನಂಗೂ ಗೊತ್ತಿಲ್ಲ. 2023ರ ಸೆಪ್ಟೆಂಬರಿಂದ ಹೊರದೇಶದ ಫ್ಲೈಟ್ ಎಲ್ಲಾ ಟರ್ಮಿನಲ್ 2ರಲ್ಲೇ. ದೇಶದೊಳಗಿನವು ಏರ್‌ಲೈನ್ ಮೇಲೆ ಹಂಚ್ಕೊಂಡಿದಾವೆ, ಕೆಲವು ಟಿ1, ಕೆಲವು ಟಿ2, ಮಧ್ಯ ಮಧ್ಯ ಬದಲಾಗ್ತಾನೂ ಇರುತ್ತೆ, ಪಕ್ಕದ ಮನೆಯವ್ರು ಹೋದ ವರ್ಷ ಹೇಳಿದ್ದನ್ನ ನಂಬ್ಕೊಂಡು ಹೋಗ್ಬೇಡಿ, ನಿಮ್ಮ ಟಿಕೆಟಲ್ಲಿ ಟಿ1, ಟಿ2 ಅಂತ ಬರೆದಿರುತ್ತೆ ಅದೇ ಸತ್ಯ. ತಪ್ಪಾಗಿ ಇಳಿದ್ರೂ ಪ್ರಪಂಚ ಮುಳುಗಲ್ಲ, ಎರಡರ ಮಧ್ಯ ಫ್ರೀ ಶಟಲ್ ಬಸ್ ಓಡಾಡುತ್ತೆ, ಆದ್ರೆ ಅದಕ್ಕೂ ಟೈಮ್ ಬೇಕಲ್ಲ.

ಟೈಮ್ ಅಂದ್ಮೇಲೆ ದಾರಿ ಮಾತು. ದೇಶದೊಳಗಿನ ಫ್ಲೈಟಿಗೆ ಎರಡು ಗಂಟೆ ಮುಂಚೆ, ಹೊರದೇಶಕ್ಕೆ ಮೂರು ಗಂಟೆ ಮುಂಚೆ ಬಾಗಿಲ ಹತ್ರ ಇರ್ಬೇಕು, ಇದು ಮನೆ ಬಿಡೋ ಟೈಮಲ್ಲ ಅಲ್ಲಿ ಇರೋ ಟೈಮು, ಮೊದಲನೇ ಸಲ ಆದ್ರೆ ಇನ್ನರ್ಧ ಗಂಟೆ ಸೇರಿಸ್ಕೊಳಿ. ಚಿಕ್ಕಬಳ್ಳಾಪುರದಿಂದ 44ನೇ ನ್ಯಾಷನಲ್ ಹೈವೇಲಿ ದೇವನಹಳ್ಳಿ ದಾಟಿದ್ರೆ ಆಯ್ತು, ವಾರದ ದಿನ ಮುಕ್ಕಾಲು ಗಂಟೆಗೆ ಹೋಗ್ಬಿಡ್ಬೋದು, ಆದ್ರೆ ಶನಿವಾರ ಭಾನುವಾರ ಈ ಲೆಕ್ಕ ಮರ್ತುಬಿಡಿ, ನಂದಿ ಬೆಟ್ಟಕ್ಕೆ ಬಂದೋರು, ಆದಿಯೋಗಿ ನೋಡೋಕೆ ಬಂದೋರು ಎಲ್ಲಾ ಭಾನುವಾರ ಸಾಯಂಕಾಲ ಒಟ್ಟಿಗೆ ಬೆಂಗಳೂರಿಗೆ ವಾಪಸ್ ಹೊರಡ್ತಾರೆ, ಅವರ ಜೊತೆ ನೀವೂ ಸಿಕ್ಕಾಕೊಂಡಿರ್ತೀರ. ಚಿಂತಾಮಣಿ, ಶಿಡ್ಲಘಟ್ಟದವರಿಗೆ ಇಲ್ಲೇ ಪಕ್ಕದ ವಿಜಯಪುರದ (ಬಿಜಾಪುರ ಅಲ್ಲ) ಮೇಲೆ ದೇವನಹಳ್ಳಿ. ಕೋಲಾರದವ್ರು ಹೊಸಕೋಟೆವರೆಗೂ ಬಂದು ಅಲ್ಲಿಂದ ಸೂಲಿಬೆಲೆ ಕಡೆ ತಿರುಗಬೇಕು, ತುಮಕೂರಿನವ್ರು ದಾಬಸ್‌ಪೇಟೆಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ. ಯಾರೂ ಬೆಂಗಳೂರೊಳಗೆ ಹೋಗಿ ಹೆಬ್ಬಾಳದಲ್ಲಿ ಸಿಕ್ಕಾಕೊಳೋ ಅವಶ್ಯಕತೆ ಇಲ್ಲ, ಆದ್ರೂ ಮೆಜೆಸ್ಟಿಕ್‌ಗೆ ಹೋಗಿ ಅಲ್ಲಿಂದ ವಾಯು ವಜ್ರ ಬಸ್ ಹತ್ತಿ ವಾಪಸ್ ಇದೇ ಕಡೆ ಬರೋರನ್ನ ನಾನು ನೋಡಿದೀನಿ, ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕಿದಂಗೆ. ರೈಲೂ ಒಂದಿದೆ, ಯಲಹಂಕ-ದೇವನಹಳ್ಳಿ-ಚಿಕ್ಕಬಳ್ಳಾಪುರ-ಕೋಲಾರ ಲೈನಲ್ಲಿ 2021ರ ಜನವರಿಲಿ ಏರ್‌ಪೋರ್ಟ್ ಹಾಲ್ಟ್ ಅಂತ ಸ್ಟೇಷನ್ ಮಾಡಿದ್ರು, ಟಿಕೆಟ್ ಸಿಕ್ಕಾಪಟ್ಟೆ ಚೀಪು, ಆದ್ರೆ ದಿನಕ್ಕೆ ಓಡೋ ಗಾಡಿ ಕೈ ಬೆರಳಲ್ಲಿ ಎಣಿಸೋಷ್ಟು, ನಿಮ್ಮ ಫ್ಲೈಟ್ ಟೈಮಿಗೆ ಹೊಂದಿದ್ರೆ ಅದೃಷ್ಟ. ನವೆಂಬರಿಂದ ಫೆಬ್ರವರಿವರೆಗೂ ಬೆಳಗಿನ ಜಾವ ದೇವನಹಳ್ಳಿ ಸುತ್ತಮುತ್ತ ಮಂಜು ಇಳಿಯುತ್ತೆ, ರಸ್ತೆನೂ ಕಾಣಲ್ಲ ವಿಮಾನನೂ ಲೇಟು.

ಈಗ ಮೊದಲನೇ ಬಾಗಿಲು. ಟರ್ಮಿನಲ್ ಒಳಗೆ ಹೋಗೋ ಗಾಜಿನ ಬಾಗಿಲು, ಕೇಂದ್ರ ಸರ್ಕಾರದ ಸೆಕ್ಯೂರಿಟಿ ಪಡೆ ಸಿಐಎಸ್ಎಫ್‌ನವ್ರು ನಿಂತಿರ್ತಾರೆ. ಕೇಳೋದು ಎರಡೇ, ಟಿಕೆಟ್ ಮತ್ತೆ ಐಡಿ. ಟಿಕೆಟ್ ಮೊಬೈಲಲ್ಲಿ ಇದ್ರೂ ಸಾಕು, ಆದ್ರೆ ನನ್ನ ಮಾತು ಕೇಳಿ ಒಂದು ಪ್ರಿಂಟ್ ಇಟ್ಕೊಳಿ, ಕರೆಕ್ಟಾಗಿ ಅದೇ ಟೈಮಲ್ಲಿ ನೆಟ್ ಹೋಗುತ್ತೆ ಅಥ್ವಾ ಚಾರ್ಜ್ ಮುಗಿಯುತ್ತೆ. ಡಿಜಿಯಾತ್ರ ಅಂತ ಬೇರೆ ಲೈನ್ ಕಾಣುತ್ತೆ, 2022ರ ಡಿಸೆಂಬರಲ್ಲಿ ಡೆಲ್ಲಿ, ಬೆಂಗಳೂರು, ವಾರಣಾಸಿಲಿ ಮೊದಲು ಬಂತು, ಆ್ಯಪಲ್ಲಿ ಆಧಾರ್ ಮತ್ತೆ ಮುಖದ ಫೋಟೋ ಹಾಕಿ ಬೋರ್ಡಿಂಗ್ ಪಾಸ್ (ಸೀಟ್ ನಂಬರ್ ಇರೋ, ವಿಮಾನ ಹತ್ತೋಕೆ ಬೇಕಾದ ಚೀಟಿ) ಸೇರಿಸಿದ್ರೆ ಕ್ಯಾಮೆರಾ ಮುಖ ನೋಡೇ ಬಾಗಿಲು ಬಿಡುತ್ತೆ. ಬೇಕಿದ್ರೆ ಹಾಕ್ಕೊಳಿ, ಕಡ್ಡಾಯ ಇಲ್ಲ, ಹಾಕ್ಕೊಂಡಿಲ್ಲ ಅಂದ್ರೆ ಮಾಮೂಲಿ ಲೈನ್ ಇದ್ದೇ ಇರುತ್ತೆ. ಟಿಕೆಟ್ ಇಲ್ದೋರು ಈ ಬಾಗಿಲು ದಾಟಂಗಿಲ್ಲ, ಆದ್ರಿಂದ ಟಾಟಾ ಸುಮೋ ತುಂಬ ಜನ ಬಿಡೋಕೆ ಬರೋದು, ಅಲ್ಲೇ ಕಾಲಿಗೆ ಬೀಳೋದು, ಅಳೋದು ಎಲ್ಲಾ ಮನೇಲೇ ಮುಗಿಸ್ಕೊಂಡು ಬಂದ್ರೆ ಒಳ್ಳೇದು, ಗಾಡಿನ ಬಾಗಿಲ ಮುಂದೆ ಜಾಸ್ತಿ ಹೊತ್ತು ನಿಲ್ಲಿಸೋಕೂ ಬಿಡಲ್ಲ. ನಮ್ಮಣ್ಣ ನಿಂತಿದ್ದು ಕೊಬ್ಬರಿಗೆ ಉಪಯೋಗಕ್ಕೆ ಬಂತು, ಅದು ಬೇರೆ ವಿಷಯ.

ಎರಡನೇ ಬಾಗಿಲು ಚೆಕ್-ಇನ್ ಕೌಂಟರ್. ಒಳಗೆ ಹೋದ ತಕ್ಷಣ ದೊಡ್ಡ ಸ್ಕ್ರೀನ್ ಕಾಣುತ್ತೆ, ಅದ್ರಲ್ಲಿ ನಿಮ್ಮ ಫ್ಲೈಟ್ ನಂಬರ್ ಹುಡುಕಿ, ಊರಿನ ಹೆಸರಲ್ಲ ನಂಬರ್, ಯಾಕಂದ್ರೆ ಡೆಲ್ಲಿಗೇ ಒಂದು ಗಂಟೇಲಿ ನಾಲ್ಕು ಫ್ಲೈಟ್ ಇರ್ಬೋದು. ನಂಬರ್ ಎದುರಿಗೆ ಯಾವ ಕೌಂಟರ್ ಅಂತ ಇರುತ್ತೆ. ಇಲ್ಲಿ ದೊಡ್ಡ ಬ್ಯಾಗ್ ಕೊಡೋದು, ಬೋರ್ಡಿಂಗ್ ಪಾಸ್ ತಗೊಳೋದು. ಸಾಮಾನ್ಯವಾಗಿ ದೇಶದೊಳಗಿನ ಫ್ಲೈಟಲ್ಲಿ ಕೊಡೋ ಬ್ಯಾಗ್ 15 ಕೆಜಿ, ಕೈಲಿ ಇಟ್ಕೊಳೋದು 7 ಕೆಜಿ. ಇದನ್ನ ಮನೇಲೇ ತೂಗಿ. ನಮ್ಮ ಕಡೆ ತೂಕದ ಮೆಷಿನಿಗೇನು ಬರ, ರೇಷ್ಮೆ ಗೂಡು ತೂಗೋರ ಮನೆ ಇದೆ, ಹಾಲಿನ ಡೈರಿ ಇದೆ, ಟೊಮ್ಯಾಟೋ ಮಂಡಿ ಇದೆ. ಜಾಸ್ತಿ ಇದ್ರೆ ಅಲ್ಲಿ ಕೆಜಿ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು, ಆ ರೇಟಲ್ಲಿ ಎರಡು ಕೆಜಿ ರಾಗಿ ಹಿಟ್ಟಿಗೆ ಒಂದು ಮೂಟೆ ರಾಗಿನೇ ಬರ್ಬೋದು ಅನ್ನಿಸುತ್ತೆ. ಕೌಂಟರ್ ಫ್ಲೈಟ್ ಟೈಮಿಗೆ ಒಂದು ಗಂಟೆ ಮುಂಚೆ ಕ್ಲೋಸ್, ಒಂದು ನಿಮಿಷ ಲೇಟಾದ್ರೂ ಕಂಡಕ್ಟರ್ ತರ ‘ಬನ್ನಿ ಬನ್ನಿ ಹತ್ಕೊಳಿ’ ಅನ್ನೋರು ಯಾರೂ ಇಲ್ಲ. ಬ್ಯಾಗಿಗೆ ಒಂದು ಉದ್ದ ಚೀಟಿ ಅಂಟಿಸ್ತಾರೆ, ಅದ್ರಲ್ಲಿ ನೀವು ಇಳಿಯೋ ಊರಿನ ಮೂರಕ್ಷರ ಇರುತ್ತೆ, ನಮ್ಮದು ಬಿಎಲ್ಆರ್, ಡೆಲ್ಲಿ ಡಿಇಎಲ್, ಒಂದ್ಸಲ ಕಣ್ಣಾಡಿಸಿ. ಅದರದೇ ಸಣ್ಣ ತುಂಡು ನಿಮ್ಮ ಬೋರ್ಡಿಂಗ್ ಪಾಸಿಗೆ ಅಂಟಿಸಿ ಕೊಡ್ತಾರೆ, ಅದನ್ನ ಕಿತ್ತು ಬಿಸಾಕ್ಬೇಡಿ, ಬ್ಯಾಗ್ ಕಳೆದ್ರೆ ಅದೊಂದೇ ಸಾಕ್ಷಿ.

ಮನೇಲೇ ವೆಬ್ ಚೆಕ್-ಇನ್ ಮಾಡ್ಕೊಂಡ್ರೆ, ಅಂದ್ರೆ ನೆಟ್ಟಲ್ಲೇ ಬೋರ್ಡಿಂಗ್ ಪಾಸ್ ತಗೊಂಡ್ರೆ, ಈ ಕ್ಯೂ ಸ್ವಲ್ಪ ಚಿಕ್ಕದಾಗುತ್ತೆ. ಅದ್ರಲ್ಲಿ ಸೀಟ್ ತೋರಿಸಿ ಇನ್ನೂರು, ಮುನ್ನೂರು, ಐನೂರು ಅಂತ ಕೇಳುತ್ತೆ, ಎಷ್ಟೋ ಜನ ಇದು ಕಟ್ಟಲೇಬೇಕು ಅನ್ಕೊಂಡು ಕಟ್ತಾರೆ. ಕಟ್ಬೇಕಾಗಿಲ್ಲ, ಸೀಟ್ ಆರಿಸ್ದೇ ಮುಂದೆ ಹೋಗೋ ಬಟನ್ ಎಲ್ಲೋ ಮೂಲೇಲಿ ಸಣ್ಣಕ್ಷರದಲ್ಲಿ ಇರುತ್ತೆ, ಆಗ ಅವ್ರೇ ಯಾವ್ದೋ ಒಂದು ಸೀಟ್ ಕೊಡ್ತಾರೆ. ಕಿಟಕಿನೇ ಬೇಕು, ಗಂಡ ಹೆಂಡ್ತಿ ಪಕ್ಕಪಕ್ಕನೇ ಕೂರ್ಬೇಕು ಅಂದ್ರೆ ಮಾತ್ರ ದುಡ್ಡು. ಮೊದಲನೇ ಸಲ ಅಲ್ವಾ, ಹೋಗ್ಲಿ ಕಿಟಕಿ ತಗೊಳಿ, ಅದಕ್ಕೆ ನನ್ನ ಅಭ್ಯಂತರ ಇಲ್ಲ.

ಯಾವ್ದು ಯಾವ ಬ್ಯಾಗಿಗೆ ಅನ್ನೋದೇ ನಮ್ಮವರಿಗೆ ದೊಡ್ಡ ಗೊಂದಲ. ಸೂತ್ರ ಇಷ್ಟೇ, ಚುಚ್ಚೋದು, ಕೊಯ್ಯೋದು, ಚೆಲ್ಲೋದು ಕೆಳಗೆ ಹೋಗೋ ಬ್ಯಾಗಿಗೆ, ಬ್ಯಾಟ್ರಿ, ಬಂಗಾರ, ಮಾತ್ರೆ ಕೈಬ್ಯಾಗಿಗೆ. ಅಡಿಕೆ ಕತ್ತರಿ, ಚಾಕು, ದೊಡ್ಡ ಕತ್ತರಿ ಕೈಲಿ ಇದ್ರೆ ಸೆಕ್ಯೂರಿಟಿಲಿ ಕಿತ್ಕೊಂಡು ಡಬ್ಬಕ್ಕೆ ಹಾಕ್ತಾರೆ. ಅಜ್ಜಿಯರ ಎಲೆ ಅಡಿಕೆ ಚೀಲದಲ್ಲಿ ಆ ಕತ್ತರಿ ಇದ್ದೇ ಇರುತ್ತೆ, ಹುಡುಕಿ ತೆಗೀರಿ. ಉಪ್ಪಿನಕಾಯಿ ಕೈಲಿ ಬೇಡ, ಕೆಳಗಿನ ಬ್ಯಾಗಿಗೆ ಹಾಕಿ, ಅದೂ ಎರಡು ಮೂರು ಕವರ್ ಸುತ್ತಿ ಟೇಪ್ ಹೊಡ್ದು. ಖಾರದ ಪುಡಿನೂ ಕೈಲಿ ಬಿಡಲ್ಲ, ಕಣ್ಣಿಗೆ ಎರಚ್ಬೋದು ಅನ್ನೋ ಭಯ ಅವರಿಗೆ. ಹೊರದೇಶಕ್ಕೆ ಆದ್ರೆ ಕೈಬ್ಯಾಗಲ್ಲಿ ನೀರಾಗಿರೋ, ಜೆಲ್ ತರ ಇರೋ ಯಾವ್ದೇ ಆಗ್ಲಿ 100 ಎಂಎಲ್ ಬಾಟಲಿಗಿಂತ ದೊಡ್ಡದು ಇರಂಗಿಲ್ಲ, ಬಾಟಲಿ ಅರ್ಧ ಖಾಲಿ ಇದೆ ಅಂದ್ರೂ ಕೇಳಲ್ಲ, ಅವ್ರು ನೋಡೋದು ಬಾಟಲಿ ಸೈಜು. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೆಳಗಿನ ಬ್ಯಾಗಲ್ಲಿ ಇರಲೇಬಾರ್ದು. ಲಿಥಿಯಂ ಬ್ಯಾಟ್ರಿ ಹೊತ್ಕೊಂಡ್ರೆ ಜನ ಇರೋ ಕಡೆ ಆದ್ರೆ ಆರಿಸ್ಬೋದು, ಸಾಮಾನು ತುಂಬೋ ಕೆಳಗಿನ ಹೊಟ್ಟೇಲಿ ಯಾರು ನೋಡ್ತಾರೆ. 100 ವಾಟ್ ಅವರ್ (ಬ್ಯಾಟ್ರಿ ಎಷ್ಟು ಕರೆಂಟ್ ಹಿಡಿಯುತ್ತೆ ಅನ್ನೋ ಲೆಕ್ಕ) ಒಳಗೆ ಪರ್ಮಿಷನ್ ಬೇಡ, ಮಾಮೂಲಿ 20000 ಎಂಎಎಚ್‌ದು ಹೆಚ್ಚು ಕಮ್ಮಿ 74 ಬರುತ್ತೆ, ಚಿಂತೆ ಇಲ್ಲ. ಬೆಂಕಿಪಟ್ಟಣ, ಲೈಟರ್, ಒಣ ಕೊಬ್ಬರಿ ಮೂರೂ ಮನೇಲೇ. ಚಪಾತಿ, ಒಬ್ಬಟ್ಟು, ನಿಪ್ಪಟ್ಟು, ಕೋಡುಬಳೆ ಧಾರಾಳವಾಗಿ ಕೈಲೇ ಹೋಗುತ್ತೆ, ಹಾಕ್ಕೊಂಡು ಹೋಗಿ, ಒಳಗೆ ಒಂದು ಪ್ಲೇಟ್ ಇಡ್ಲಿ ರೇಟ್ ಕೇಳಿದ್ರೆ ಹಸಿವೇ ಹೋಗುತ್ತೆ.

ಮೂರನೇ ಬಾಗಿಲು ಸೆಕ್ಯೂರಿಟಿ, ಎಲ್ಲರೂ ಹೆದರೋದು ಇದಕ್ಕೇ. (ಹೊರದೇಶಕ್ಕೆ ಹೋಗೋರಿಗೆ ಇದಕ್ಕಿಂತ ಮುಂಚೆ ಇಮಿಗ್ರೇಷನ್ ಅಂತ ಐದನೇ ಬಾಗಿಲು ಸೇರ್ಕೊಳುತ್ತೆ, ಪಾಸ್‌ಪೋರ್ಟ್, ವೀಸಾ, ಎಲ್ಲಿಗೆ ಯಾಕೆ ಎಷ್ಟು ದಿನ, ಇಷ್ಟಕ್ಕೆ ನೆಟ್ಟಗೆ ಉತ್ತರ ಕೊಟ್ರೆ ಸಾಕು, ಮಗಳ ಬಾಣಂತನಕ್ಕೆ ಅಂದ್ರೆ ಬಾಣಂತನಕ್ಕೆ.) ಪ್ಲಾಸ್ಟಿಕ್ ಟ್ರೇ ಇರ್ತವೆ, ಮೊಬೈಲ್, ಪರ್ಸ್, ಬೆಲ್ಟ್, ಚಿಲ್ಲರೆ ಕಾಸು, ವಾಚ್, ಲ್ಯಾಪ್‌ಟಾಪ್ ಎಲ್ಲಾ ತೆಗ್ದು ಟ್ರೇಗೆ ಹಾಕಿ ಮೆಷಿನ್ನಿನ ಓಡೋ ಬೆಲ್ಟ್ ಮೇಲೆ ಬಿಡ್ಬೇಕು. ನೀವು ಕ್ಯೂಲಿ ನಿಂತಿರೋವಾಗ್ಲೇ ಜೇಬಲ್ಲಿರೋದನ್ನೆಲ್ಲಾ ಕೈಬ್ಯಾಗಿನ ಜಿಪ್‌ಗೆ ತುಂಬ್ಕೊಂಡ್ಬಿಡಿ, ಅಲ್ಲಿ ಹೋಗಿ ಪಂಚೆ ಮಡಿಕೆ ಬಿಚ್ಚಿ ಹುಡುಕೋದು ತಪ್ಪುತ್ತೆ. ಗಂಡಸರಿಗೆ ಬೇರೆ ಲೈನು, ಹೆಂಗಸರಿಗೆ ಬೇರೆ, ಹೆಂಗಸರನ್ನ ಪರದೆ ಒಳಗೆ ಲೇಡಿ ಸ್ಟಾಫೇ ಚೆಕ್ ಮಾಡೋದು. ತಾಳಿ, ಓಲೆ ತೆಗೀಬೇಕಾಗಿಲ್ಲ, ಬೀಪ್ ಅಂದ್ರೆ ಕೈಲಿರೋ ಮೆಷಿನ್ನಿಂದ ಇನ್ನೊಂದ್ಸಲ ನೋಡ್ತಾರೆ ಅಷ್ಟೇ. ಕೈ ಎರಡೂ ಅಗಲಿಸಿ ನಿಲ್ಲಿ ಅಂದಾಗ ದೊಡ್ಡಮ್ಮ ಅವರಿಗೆ ನಮಸ್ಕಾರ ಮಾಡಿದ್ರಂತೆ, ಆ ಹುಡುಗಿನೂ ನಗ್ತಾ ವಾಪಸ್ ಕೈ ಮುಗಿದ್ಲಂತೆ. ತಮಾಷೆಗೂ ಬಾಂಬು ಗೀಂಬು ಅನ್ನೋ ಪದ ಬಾಯಲ್ಲಿ ಬರ್ಬಾರ್ದು, ಅಲ್ಲಿ ಅದನ್ನ ತಮಾಷೆ ಅಂತ ಯಾರೂ ತಗೊಳಲ್ಲ. ನೀರಿನ ಬಾಟಲಿ ಖಾಲಿ ಮಾಡ್ಕೊಂಡು ಹೋಗಿ, ದಾಟಿದ್ಮೇಲೆ ಕುಡಿಯೋ ನೀರಿನ ನಲ್ಲಿ ಇರುತ್ತೆ ಅಲ್ಲಿ ಹಿಡ್ಕೊಳಿ. ಇಲ್ಲಿ ಕಳ್ಕೊಳೋದು ಜಾಸ್ತಿ, ಗಾಬರೀಲಿ ಬ್ಯಾಗ್ ಎತ್ಕೊಂಡು ಟ್ರೇಲಿದ್ದ ಮೊಬೈಲ್ ಬಿಟ್ಟು ಹೋಗೋದು. ಎಷ್ಟು ಟ್ರೇ ಬಿಟ್ರಿ ಅಂತ ಬಾಯಲ್ಲಿ ಎಣಿಸ್ಕೊಳಿ, ಅಷ್ಟೂ ಬಂದ್ಮೇಲೇ ಜಾಗ ಬಿಡಿ.

ನಾಲ್ಕನೇದು ಬೋರ್ಡಿಂಗ್ ಗೇಟ್. ಸೆಕ್ಯೂರಿಟಿ ಮುಗೀತು ಅಂತ ಎಲ್ಲರೂ ಇಲ್ಲಿ ಉಸಿರು ಬಿಟ್ಟು ಅಂಗಡಿ ನೋಡ್ತಾ ಕಾಫಿ ಕುಡೀತಾ ಕೂತ್ಬಿಡ್ತಾರೆ, ಫ್ಲೈಟ್ ಮಿಸ್ ಆಗೋದೂ ಇಲ್ಲೇ. ಬಸ್ ಸ್ಟ್ಯಾಂಡಲ್ಲಿ ಕೂಗಿದಂಗೆ ಎಲ್ಲಾ ಕಡೆ ಕೂಗಲ್ಲ, ಸ್ಕ್ರೀನ್ ನೀವೇ ನೋಡ್ತಿರ್ಬೇಕು, ಬೋರ್ಡಿಂಗ್ ಪಾಸಲ್ಲಿ ಬರೆದಿರೋ ಗೇಟ್ ಕೊನೇ ಗಳಿಗೇಲಿ ಬದಲಾಗೋದು ಮಾಮೂಲಿ. ಆದ್ರಿಂದ ಮೊದಲು ಹೋಗಿ ಗೇಟ್ ಎಲ್ಲಿದೆ ಅಂತ ಕಣ್ಣಾರೆ ನೋಡ್ಕೊಂಡು ಆಮೇಲೆ ಕಾಫಿಗೆ ಬನ್ನಿ, ಕೊನೇ ಗೇಟುಗಳಿಗೆ ಹತ್ತು ನಿಮಿಷದ ನಡಿಗೆ ಇರುತ್ತೆ. ಟಿಕೆಟಲ್ಲಿರೋ ಟೈಮು ವಿಮಾನ ಹೊರಡೋದು, ಗೇಟ್ ಅದಕ್ಕಿಂತ 20-25 ನಿಮಿಷ ಮುಂಚೆನೇ ಮುಚ್ತಾರೆ. ಕೆಲವು ಗೇಟಿಂದ ನೇರ ಸುರಂಗದ ತರ ದಾರೀಲಿ ವಿಮಾನದೊಳಗೆ ಹೋಗ್ಬೋದು, ಕೆಲವು ಗೇಟಲ್ಲಿ ಬಸ್ ಹತ್ತಿಸಿ ವಿಮಾನದ ಹತ್ರ ಬಿಡ್ತಾರೆ, ಬಸ್ ಹತ್ತಿಸಿದ್ರು ಅಂತ ಗಾಬರಿ ಆಗ್ಬೇಡಿ, ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕೋದೂ ಬೇಡ, ಎರಡು ನಿಮಿಷದ ದಾರಿ.

ಮಂಡಿ ನೋವು ಇರೋರಿಗೆ ವೀಲ್‌ಚೇರ್ ಕೇಳ್ಬೋದು, ಟಿಕೆಟ್ ಬುಕ್ ಮಾಡೋವಾಗ್ಲೇ ಅಥ್ವಾ ಎರಡು ದಿನ ಮುಂಚೆ ಏರ್‌ಲೈನಿಗೆ ಹೇಳಿದ್ರೆ ಬಾಗಿಲಿಂದ ವಿಮಾನದ ಸೀಟಿನವರೆಗೂ, ಆ ಕಡೆ ಊರಲ್ಲಿ ಹೊರಗೆ ಬರೋವರೆಗೂ ಒಬ್ರು ತಳ್ಕೊಂಡು ಹೋಗ್ತಾರೆ. ಇಂಗ್ಲಿಷ್ ಬರಲ್ಲ ಅಂತ ಅಮೆರಿಕಾಗೆ ಹೋಗೋ ಅಪ್ಪ ಅಮ್ಮನಿಗೆಲ್ಲಾ ಮಕ್ಕಳು ಇದನ್ನೇ ಬುಕ್ ಮಾಡ್ತಾರೆ. ಮಕ್ಕಳ ಭಯ ಅರ್ಥ ಆಗುತ್ತೆ, ಆದ್ರೆ ಗಟ್ಟಿಮುಟ್ಟಾಗಿ ನಡೆಯೋರೆಲ್ಲಾ ಕೂತ್ರೆ ನಿಜವಾಗ್ಲೂ ಆಗ್ದೇ ಇರೋರು ಗಂಟೆಗಟ್ಲೆ ಕಾಯ್ತಾರೆ, ನಾನೇ ನೋಡಿದೀನಿ. ನಮ್ಮ ಏರ್‌ಪೋರ್ಟಲ್ಲಂತೂ ಬೋರ್ಡೆಲ್ಲಾ ಕನ್ನಡದಲ್ಲೂ ಇದಾವೆ, ಅಕ್ಷರ ಬಂದ್ರೆ ಸಾಕು.

ವಿಮಾನದೊಳಗಿನ ವಿಷಯ ಜಾಸ್ತಿ ಇಲ್ಲ. ಸಾಲಿನ ನಂಬರ್ ತಲೆ ಮೇಲೆ ಬರೆದಿರುತ್ತೆ, ಎ ಮತ್ತೆ ಎಫ್ ಸಾಮಾನ್ಯವಾಗಿ ಕಿಟಕಿ. ಏರೋವಾಗ ಇಳಿಯೋವಾಗ ಕಿವಿ ಕಟ್ಟುತ್ತೆ, ಒಂದು ಪೆಪ್ಪರ್‌ಮೆಂಟ್ ಚೀಪ್ತಾ ಇರಿ ಅಥ್ವಾ ಎಂಜಲು ನುಂಗ್ತಿರಿ. ಚಿಕ್ಕ ಮಕ್ಕಳು ಅಳೋದೂ ಇದಕ್ಕೇ, ಆ ಟೈಮಿಗೆ ಹಾಲು ಕೊಡಿ.

ಮಧ್ಯ ಇನ್ನೊಂದು ಏರ್‌ಪೋರ್ಟಲ್ಲಿ ಇಳಿದು ಬೇರೆ ಫ್ಲೈಟ್ ಹಿಡೀಬೇಕು ಅಂದ್ರೆ ಸ್ವಲ್ಪ ಬುದ್ಧಿ ಚುರುಕಾಗಿರ್ಬೇಕು. ಇಳಿದ ತಕ್ಷಣ ಎರಡು ಬೋರ್ಡ್ ಕಾಣ್ತವೆ, ಒಂದು ಅರೈವಲ್ ಅಥ್ವಾ ಎಕ್ಸಿಟ್, ಇನ್ನೊಂದು ಟ್ರಾನ್ಸ್‌ಫರ್ ಅಥ್ವಾ ಕನೆಕ್ಷನ್ಸ್. ಮುಂದಿನ ಫ್ಲೈಟ್ ಇರೋರು ಎರಡನೇ ಬೋರ್ಡ್ ಹಿಂದೆ ಹೋಗ್ಬೇಕು, ಜನ ಎಲ್ಲಾ ಹೋಗ್ತಿದಾರೆ ಅಂತ ಹಿಂದೆ ಹೋದ್ರೆ ಹೊರಗೆ ಟ್ಯಾಕ್ಸಿ ಹತ್ರ ಇರ್ತೀರ. ಎರಡೂ ಫ್ಲೈಟ್ ಒಂದೇ ಟಿಕೆಟಲ್ಲಿ, ಒಂದೇ ಪಿಎನ್ಆರಲ್ಲಿ ಇದ್ರೆ ಸಾಮಾನ್ಯವಾಗಿ ಬ್ಯಾಗ್ ಅವ್ರೇ ದಾಟಿಸ್ತಾರೆ, ಆದ್ರೆ ಹೊರದೇಶದಿಂದ ಬರೋವಾಗ ಇಂಡಿಯಾಲಿ ಮೊದಲು ಇಳಿಯೋ ಊರಲ್ಲಿ ಬ್ಯಾಗ್ ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡ್ಬೇಕಾಗುತ್ತೆ. ಚೀಪ್ ಅಂತ ಎರಡು ಬೇರೆ ಬೇರೆ ಟಿಕೆಟ್ ತಗೊಂಡಿದ್ರೆ ಮೊದಲನೇದು ಲೇಟಾದ್ರೆ ಎರಡನೇದರವ್ರು ಜವಾಬ್ದಾರಿ ತಗೊಳಲ್ಲ. ಡೆಲ್ಲಿಲಿ ಟಿ1 ಒಂದು ಕಡೆ, ಟಿ3 ಕಿಲೋಮೀಟರ್‌ಗಟ್ಲೆ ದೂರ, ಮುಂಬೈಲಿ ಟಿ1 ಸಾಂತಾಕ್ರೂಜ್ ಕಡೆ, ಟಿ2 ಅಂಧೇರಿ ಕಡೆ, ನಮ್ಮ ಟಿ1 ಟಿ2 ತರ ಅಕ್ಕಪಕ್ಕ ಅನ್ಕೋಬೇಡಿ. ದುಬೈಲಿ ಇಳಿದ್ರೆ ಗಡಿಯಾರನೂ ಒಂದೂವರೆ ಗಂಟೆ ಹಿಂದೆ, ಮೊಬೈಲ್ ತಾನಾಗೇ ಬದಲಾಗುತ್ತೆ, ಕೈಗಡಿಯಾರ ಬದಲಾಗಲ್ಲ, ಬೋರ್ಡಿಂಗ್ ಪಾಸಲ್ಲಿರೋದು ಯಾವಾಗ್ಲೂ ಆ ಊರಿನ ಟೈಮು.

ಇಳಿದ್ಮೇಲೆ ಉಳಿಯೋದು ಬ್ಯಾಗ್ ಬೆಲ್ಟು. ಯಾವ ಬೆಲ್ಟ್ ಅಂತ ಸ್ಕ್ರೀನಲ್ಲಿ ಫ್ಲೈಟ್ ನಂಬರ್ ಎದುರಿಗೆ ಇರುತ್ತೆ. ಕಪ್ಪು ಟ್ರಾಲಿ ಬ್ಯಾಗ್ ಇಡೀ ಪ್ರಪಂಚದ ಹತ್ರ ಇದೆ, ಗುರುತಿಗೆ ಏನಾದ್ರೂ ಕಟ್ಟಿ. ದೊಡ್ಡಮ್ಮ ಅರಿಶಿನದ ಬಣ್ಣದ ಬ್ಲೌಸ್ ಪೀಸ್ ಕಟ್ಟಿದ್ರು, ಡೆಲ್ಲಿಲಿ ಬೆಲ್ಟ್ ಮೇಲೆ ಅದು ಬರ್ತಾ ಇದ್ದಂಗೇ ‘ನಂದು ನಂದು’ ಅಂತ ಕೂಗಿದ್ರೆ ಅದೇ ಬಣ್ಣದ ಬಟ್ಟೆ ಕಟ್ಟಿದ್ದ ಇನ್ನೊಬ್ಬ ಅಮ್ಮನೂ ಕೈ ಹಾಕಿದ್ರು, ಮಂಡ್ಯದವ್ರು, ಚೀಟಿ ನಂಬರ್ ನೋಡಿ ಇತ್ಯರ್ಥ ಆಯ್ತು, ಆಮೇಲೆ ಇಬ್ರೂ ಅಲ್ಲೇ ನಿಂತು ಕಾಲು ಗಂಟೆ ಮಾತಾಡಿದ್ರು. ಬ್ಯಾಗ್ ಬರ್ಲೇ ಇಲ್ಲ ಅಂದ್ರೆ ಹೊರಗೆ ಹೋಗ್ಬೇಡಿ, ಒಳಗೇ ಏರ್‌ಲೈನ್ ಡೆಸ್ಕ್ ಹತ್ರ ಹೋಗಿ ಕಂಪ್ಲೇಂಟ್ ಬರೆಸಿ ಪಿಐಆರ್ ಅನ್ನೋ ಪೇಪರ್ ಇಸ್ಕೊಳಿ. ಆಮೇಲೆ ಕರ್ಕೊಂಡು ಹೋಗೋಕೆ ಬಂದೋರು ಫೋನ್ ಮಾಡಿ ಎಲ್ಲಿದ್ದೀರ ಅಂದ್ರೆ ‘ಏರ್‌ಪೋರ್ಟ್ ಮುಂದೆ ನಿಂತಿದೀನಿ’ ಅನ್ಬೇಡಿ, ಸುತ್ತ ನೋಡಿ ಹತ್ತಿರದ ಕಂಬದ ಮೇಲೋ ಬಾಗಿಲ ಮೇಲೋ ಬರೆದಿರೋ ನಂಬರ್ ಓದಿ ಹೇಳಿ.